ಉಳುಕಿದ ಕಾಲು: ನೋವು ಹೋದ ಮೇಲೆ ಏನು ಮಾಡಬೇಕು?

ನಮ್ಮ ಶಟಲ್ ಕೋರ್ಟಿನಲ್ಲಿ ಇದು ಮಾಮೂಲು. ಕಾಲು ಉಳುಕುತ್ತದೆ, ಹತ್ತು ದಿನ ಕ್ರೇಪ್ ಬ್ಯಾಂಡೇಜ್ ಸುತ್ತುತ್ತಾರೆ, ಹನ್ನೊಂದನೇ ದಿನ 'ನೋವೇ ಇಲ್ಲ ಗುರುವೇ' ಅಂತ ಆಡೋಕೆ ಇಳಿಯುತ್ತಾರೆ. ಎರಡೇ ತಿಂಗಳಿಗೆ ಅದೇ ಕಾಲು ಮತ್ತೆ ಉಳುಕುತ್ತದೆ. ನಾನೂ ಅದೇ ಪೈಕಿ. ಮೂರು ಸಲ ಆದಮೇಲೆ ಬುದ್ಧಿ ಬಂತು.

ಉಳುಕಿದ ಕೂಡಲೇ ಮೂಳೆ ಮುರಿದಿದೆಯೇ ಅಂತ ನೋಡಿಕೊಳ್ಳಿ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಕೊಟ್ಟ ಸರಳ ಪರೀಕ್ಷೆಯಿದೆ. ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವೇ? ಪಾದದ ಕೀಲಿನ ಎರಡೂ ಕಡೆ ಉಬ್ಬಿರುವ ಗಿಣ್ಣುಗಳ ತುದಿ ಅಥವಾ ಹಿಂದಿನ ಅಂಚು ಒತ್ತಿದರೆ ನೋವೇ? ಕಿರುಬೆರಳಿನ ಕಡೆ, ಪಾದದ ಅಂಚಿನ ನಡುವೆ ಉಬ್ಬಿದ ಮೂಳೆ, ಅಥವಾ ಒಳಗಡೆ ಗಿಣ್ಣಿನ ಮುಂದಿನ ಮೂಳೆ ಒತ್ತಿದರೆ ನೋವೇ? ಒಂದಕ್ಕೆ ಹೌದು ಎಂದರೂ ಎಕ್ಸ್‌ರೇ ತೆಗೆಸಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಈ ಪರೀಕ್ಷೆಯನ್ನು ನಂಬಬೇಡಿ, ಸೀದಾ ಡಾಕ್ಟರ ಹತ್ತಿರ ಹೋಗಿ.

ಮೊದಲ ಎರಡು ಮೂರು ದಿನ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ನೋವು ಜಾಸ್ತಿ ಇದ್ದರೆ ಬಟ್ಟೆ ಸುತ್ತಿದ ಐಸ್ ಹದಿನೈದು ನಿಮಿಷ ಇಟ್ಟರೆ ಸಾಕು. ಬಿಸಿ ಶಾಖ ಬೇಡ. ಉಳುಕು ತೆಗೆಯುತ್ತೇನೆ ಅಂತ ಎಣ್ಣೆ ಹಚ್ಚಿ ನೀವುವವರ ಕೈಗೆ ಕಾಲು ಕೊಡಲೇಬೇಡಿ. ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿಹಿಡಿಯುವ ನಾರಿನ ಪಟ್ಟಿ) ಹಿಗ್ಗಿದೆಯೋ ಹರಿದಿದೆಯೋ ಗೊತ್ತಿಲ್ಲದೆ ಎಳೆದಾಡಿದರೆ ಏನಾಗಬಹುದು, ನೀವೇ ಯೋಚಿಸಿ.

ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ ಸುತ್ತಬೇಕು. ಮೇಲಿಂದ ಕೆಳಕ್ಕೆ ಸುತ್ತಿದರೆ ಊತವೆಲ್ಲ ಬೆರಳಿಗೆ ಇಳಿಯುತ್ತದೆ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಬಿಚ್ಚಿ. ಮಲಗುವಾಗ ಹೇಗೂ ಬಿಚ್ಚಿಡಿ. ಸಾಕ್ಸಿನ ಹಾಗೆ ಎಳೆದು ಹಾಕುವ ಮೆತ್ತನೆ ಆಂಕ್ಲೆಟ್‌ಗೆ ದುಡ್ಡು ಸುರಿಯಬೇಡಿ. ಬೆಚ್ಚಗಿರುತ್ತದೆ, ಅಷ್ಟೇ. ಕಾಲು ಹೊರಳುವುದನ್ನು ತಡೆಯಬೇಕಾದರೆ ಲೇಸ್ ಕಟ್ಟುವ ಬ್ರೇಸ್ ತಗೊಳ್ಳಿ.

ನೋವು ಸ್ವಲ್ಪ ತಗ್ಗಿದ ಮೇಲೆ ಕುರ್ಚಿಯಲ್ಲಿ ಕೂತು, ಹೆಬ್ಬೆರಳಿನಲ್ಲಿ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಅ ಇಂದ ಳ ವರೆಗೆ, ದಿನಕ್ಕೆ ಎರಡು ಸಲ. ನಮ್ಮ ಅಕ್ಷರಗಳು ಗುಂಡಗಿರುವುದು ಇಲ್ಲಿ ಲಾಭ, ಪಾದ ಎಲ್ಲ ದಿಕ್ಕಿಗೂ ತಿರುಗುತ್ತದೆ.

ಎಲ್ಲರೂ ಬಿಟ್ಟುಬಿಡುವುದು ಇದರ ಮುಂದಿನದನ್ನು: ಒಂಟಿ ಕಾಲಲ್ಲಿ ನಿಲ್ಲುವುದು. ಪಾದ ಯಾವ ಕಡೆ ವಾಲುತ್ತಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ನರದ ತುದಿಗಳು ಲಿಗಮೆಂಟಿನಲ್ಲೂ ಇರುತ್ತವೆ. ಉಳುಕಿದಾಗ ಅವಕ್ಕೂ ಪೆಟ್ಟು ಬೀಳುತ್ತದೆ. ನೋವು ಹೋದರೂ ಸುದ್ದಿ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಕಾಲು ಹೊರಳಿರುತ್ತದೆ.

ಗೋಡೆಯ ಪಕ್ಕ, ಬರಿಗಾಲಲ್ಲಿ ನಿಲ್ಲಿ. ಮಂಡಿ ಒಂಚೂರು ಬಗ್ಗಿರಲಿ. ಭಾರ ಮೂರು ಕಡೆ ಹಂಚಿರಬೇಕು: ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ. ಬೆರಳುಗಳು ಹಕ್ಕಿ ಕೊಂಬೆ ಹಿಡಿದ ಹಾಗೆ ನೆಲ ಕಚ್ಚಿದರೆ ತಪ್ಪು. ಸೊಂಟ ಒಂದು ಕಡೆ ಜೋತುಬಿದ್ದರೂ ತಪ್ಪು. ಪಾದ ಸಣ್ಣಗೆ ನಡುಗುತ್ತದೆ, ನಡುಗಲಿ, ಅದೇ ಬೇಕಾದದ್ದು. 30 ಸೆಕೆಂಡು, ಮೂರು ಸಲ. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ. ಮೊದಲ ದಿನ ನಾನು ಐದು ಎಣಿಸುವಷ್ಟರಲ್ಲಿ ಗೋಡೆ ಹಿಡಿದಿದ್ದೆ! ಆಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲಿ. ಬೇರೆ ಟೈಮ್ ಬೇಕಿಲ್ಲ, ಹಲ್ಲುಜ್ಜುವಾಗಲೇ ಮಾಡಬಹುದು. 'ಯಾಕ್ರೀ, ಕೊಕ್ಕರೆ ಥರ ನಿಂತಿದ್ದೀರಿ' ಅಂತ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಕಮ್ಮಿ ಅಂದರೆ ಆರು ವಾರ ಬಿಡಬೇಡಿ.

ಜೊತೆಗೆ ಹಿಮ್ಮಡಿ ಎತ್ತಿ ಇಳಿಸಿ, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದರಲ್ಲಿ. ಓಟ ಮೊದಲು ನೇರಕ್ಕೆ, ನಂತರ ಎಂಟರ ಆಕಾರದಲ್ಲಿ. ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಎರಡೂ ಕಾಲು ಒಂದೇ ಥರ ಅನ್ನಿಸಿದರೆ ರ‍್ಯಾಕೆಟ್ ಹಿಡಿಯಿರಿ. ಆರು ವಾರವಾದರೂ ಊತ ಇಳಿಯದಿದ್ದರೆ, ಮೆಟ್ಟಿಲು ಇಳಿಯುವಾಗ ಕಾಲು ಕೈಕೊಡುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.