ವಿಜಯಪುರದ ಬೇಸಿಗೆಗೆ ವಾಟರ್ ಕೂಲರ್ ಬೇಕಾಗಿಲ್ಲ: ರೈಜನ್ 5600 ತಣ್ಣಗಾದ ಬಗೆ

ನನ್ನ ಕಂಪ್ಯೂಟರಿನ ಪ್ರೊಸೆಸರ್ ಎಎಂಡಿಯ ರೈಜನ್ 5 5600. ಏಪ್ರಿಲ್-ಮೇ ಮಧ್ಯಾಹ್ನ ಇಲ್ಲಿ ಖೋಲಿಯೊಳಗೇ 38 ಡಿಗ್ರಿ ಇರುತ್ತದೆ. "ವಾಟರ್ ಕೂಲರ್ ಹಾಕಸ್ರಿ, ಇಲ್ಲಾಂದ್ರ ಈ ಬ್ಯಾಸಗಿ ತಡಿಯಂಗಿಲ್ಲ" ಎಂದು ಎಲ್ಲರದೂ ಒಂದೇ ಮಾತು. ನೀರು ಹರಿಸಿ ಪ್ರೊಸೆಸರನ್ನು ತಣ್ಣಗಿಡುವ ಆ ಕೂಲರಿಗೆ ಏಳೆಂಟು ಸಾವಿರ. ನನ್ನ ಕೆಲಸ ಮೂರು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಗಾಳಿಯಿಂದಲೇ ತಣಿಸುವ ಎತ್ತರದ ಟವರ್ ಕೂಲರ್ 1,800, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ 450, ಉಳಿದದ್ದು ಎರಡು ಫ್ಯಾನಿಗೆ. ಈಗ ಪೂರ್ತಿ ಲೋಡ್ ಬಿದ್ದರೂ 75ರ ಹತ್ತಿರವೇ ನಿಲ್ಲುತ್ತದೆ.

ಪ್ರೊಸೆಸರ್ 88 ತೋರಿಸಿತು ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಕ್ಯಾಬಿನೆಟ್ಟಿನ ಮುಂದಿನ ಫ್ಯಾನಿನ ಬಳಿ ಥರ್ಮಾಮೀಟರ್ ಇಟ್ಟು, ಪ್ರೊಸೆಸರ್ ಖೋಲಿಗಿಂತ ಎಷ್ಟು ಹೆಚ್ಚು ಎಂಬುದನ್ನು ಬರೆದುಕೊಳ್ಳಿ. ಪ್ರೊಸೆಸರಿಗೆ ಪೂರ್ತಿ ಲೋಡ್ ಕೊಟ್ಟು ಸ್ಕೋರ್ ತೋರಿಸುವ ಸಿನಿಬೆಂಚ್ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ. ಲೋಡ್ ಬಿದ್ದ ಒಂದೆರಡು ಸೆಕೆಂಡಿನಲ್ಲೇ 90 ಡಿಗ್ರಿಯ ಮಿತಿ ಮುಟ್ಟಿದರೆ ದೋಷ ಪೇಸ್ಟಿನದು, ಇಲ್ಲವೇ ಸ್ಕ್ರೂ ಬಿಗಿಯಾಗಿಲ್ಲ. ಐದಾರು ನಿಮಿಷ ನಿಧಾನಕ್ಕೆ ಏರಿದರೆ ಗಾಳಿಯದು. ಪಕ್ಕದ ಬಾಗಿಲು ತೆಗೆದು ಮತ್ತೆ ಓಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ.

ಬಾಕ್ಸಿನಲ್ಲಿ ಬಂದ ರೇತ್ ಸ್ಟೆಲ್ತ್ ಕೂಲರಿನಲ್ಲಿ ಪ್ರೊಸೆಸರ್ 90ರ ಮಿತಿಗೆ ಹೋಗಿ ತನ್ನ ಕ್ಲಾಕ್, ಅಂದರೆ ವೇಗ, ಇಳಿಸುತ್ತಿತ್ತು. ಐವತ್ತು ರೂಪಾಯಿಯ ಬಿಳಿ ಪೇಸ್ಟ್ ಒಂದೇ ಬೇಸಿಗೆಯಲ್ಲಿ ಒಣಗಿ ಪುಡಿಯಾಯಿತು. ಇದರಂತೆ ಎಎಂ4 ಸಾಕೆಟ್ ಇದ್ದವರು ಎಚ್ಚರ: ಒಣಗಿದ ಪೇಸ್ಟಿನ ಮೇಲಿಂದ ಕೂಲರನ್ನು ನೇರ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ ಬಾಗಬಹುದು. ಮೊದಲು ಲೋಡ್ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿ.

ಟವರ್ ಕೂಲರ್ ಹಾಕಿದರೂ ಖೋಲಿಗಿಂತ 45 ಡಿಗ್ರಿ ಮೇಲೇ ಇತ್ತು. ನಿಜವಾದ ಲಾಭ ಬಯೋಸಿನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ, ಸಿಕ್ಕಿತು. ಪ್ರೊಸೆಸರ್ ಎಳೆಯುವ ವಿದ್ಯುತ್ತಿನ ಮಿತಿಯಾದ ಪಿಪಿಟಿ 76 ವ್ಯಾಟ್‌ನಿಂದ 60ಕ್ಕೆ, ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್ ಮೈನಸ್ 20. ಮೈನಸ್ 30ರಲ್ಲಿ ಸಿನಿಬೆಂಚ್ ಸಲೀಸಾಗಿ ಮುಗಿಯುತ್ತದೆ, ಆದರೆ ಸುಮ್ಮನಿದ್ದಾಗ ಮಷೀನ್ ರೀಸ್ಟಾರ್ಟ್ ಆಗುತ್ತದೆ. ಕಡಿಮೆ ಲೋಡಿನಲ್ಲಿ ಕ್ಲಾಕ್ ಮೇಲಕ್ಕೇರಿದಾಗ ವೋಲ್ಟೇಜ್ ಸಾಲುವುದಿಲ್ಲ. ಎಲ್ಲಕ್ಕಿಂತ ಚುರುಕಾದ ಎರಡು ಕೋರ್‌ಗಳಿಗೆ ಮೈನಸ್ 10 ಸಾಕು. ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ರಾತ್ರಿಯಿಡೀ ಓಡಿಸದೆ ನಂಬಬೇಡಿ. ಸ್ಕೋರ್ ಕಳೆದುಕೊಂಡದ್ದು ಲೆಕ್ಕಕ್ಕೇ ಬಾರದಷ್ಟು.

ಗಾಳಿಗೆ ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಮುಂದಿನ ಅಕ್ರಿಲಿಕ್ ಹಲಗೆ ತೆಗೆದು ಸೊಳ್ಳೆ ಜಾಳಿಗೆ ಹಾಕಿದ್ದೇನೆ. ನಮ್ಮ ಎರಿ ಮಣ್ಣಿನ ಧೂಳಿಗೆ ಅದು ಬೇಕೇ ಬೇಕು. ಗಾಳಿ ತಗ್ಗದಂತೆ ಅದನ್ನು ಕೂಡಿಸುವ ಕಲೆ ಸದ್ಯ ನನ್ನಲ್ಲೇ ಇರಲಿ.

ನೀರಿನ ಏರ್ ಕೂಲರನ್ನೂ ಹಚ್ಚಿ ನೋಡಿದೆ. ಒಣ ಹವೆಯಲ್ಲಿ ಖೋಲಿ ಆರೇಳು ಡಿಗ್ರಿ ಇಳಿಯಿತು, ಪ್ರೊಸೆಸರ್ ಕೂಡ ಅಷ್ಟೇ ಇಳಿಯಿತು. ಆದರೆ ಅದರ ಮುಖ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ: ಬೋರಿನ ನೀರಿನ ತುಂತುರು ಬಿದ್ದು ಆರಿದಲ್ಲೆಲ್ಲ ಬಿಳಿ ಉಪ್ಪು ಕೂಡುತ್ತದೆ.