ಹೊಸ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣ್ತಿಲ್ವಾ? ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡಿ

ತಿಪಟೂರಿನಲ್ಲಿ ಗಾಣದ ಕೊಬ್ಬರಿ ಎಣ್ಣೆ ಮಾರುವ ಒಂದು ಅಂಗಡಿ ಇದೆ ಅಂದುಕೊಳ್ಳಿ. ತುಮಕೂರಿನ ಹುಡುಗನೊಬ್ಬ ಚೆಂದದ ವೆಬ್‌ಸೈಟ್ ಮಾಡಿಕೊಟ್ಟಿದ್ದಾನೆ. ಮಾಲೀಕರು ದಿನಾ ರಾತ್ರಿ ಮೊಬೈಲ್ ಹಿಡಿದು ‘ಕೊಬ್ಬರಿ ಎಣ್ಣೆ’ ಅಂತ ಹುಡುಕುತ್ತಾರೆ. ಅಮೆಜಾನ್ ಬರುತ್ತದೆ, ಫ್ಲಿಪ್‌ಕಾರ್ಟ್ ಬರುತ್ತದೆ, ಇವರ ಅಂಗಡಿ ಮಾತ್ರ ಇಲ್ಲ. ಅಷ್ಟರಲ್ಲಿ ಯಾರದೋ ಫೋನ್: ‘ಸರ್, ಹದಿನೈದು ದಿನದಲ್ಲಿ ಮೊದಲ ಪುಟಕ್ಕೆ ತರ್ತೀವಿ, ಗ್ಯಾರಂಟಿ.’

ದುಡ್ಡು ಕೊಡುವ ಮುಂಚೆ ಒಂದು ವಿಷಯ ಗೊತ್ತಿರಲಿ. ಇಲ್ಲಿ ಆಗುವ ತಡ ಒಂದಲ್ಲ, ಮೂರು. ಗೂಗಲ್‌ಗೆ ಸೈಟ್ ಕಣ್ಣಿಗೆ ಬೀಳಬೇಕು, ಅದನ್ನು ಓದಿ ದಾಖಲೆ ಮಾಡಿಕೊಳ್ಳಬೇಕು, ಆಮೇಲೆ ನಂಬಿ ಮೇಲಕ್ಕೆ ತರಬೇಕು. ಮೊದಲ ಎರಡು ತಡವನ್ನು ನೀವೇ ಒಂದು ಸಂಜೆ ಕೂತು ಕಡಿಮೆ ಮಾಡಬಹುದು. ಮೂರನೆಯದನ್ನು ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಹೇಳುತ್ತದೆ.

ಮೊದಲು: ದಾಖಲಾಗಿದೆಯಾ ನೋಡಿ

ಗೂಗಲ್‌ನ ಹುಡುಕುವ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ‘ಸೈಟ್’ ಎಂದು ಟೈಪ್ ಮಾಡಿ, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಬರೆಯಿರಿ. ಪುಟಗಳು ಬಂದರೆ ಸೈಟ್ ಗೂಗಲ್ ಬಳಿ ಇದೆ, ಮೇಲಕ್ಕೆ ಬಂದಿಲ್ಲ ಅಷ್ಟೇ. ಒಂದೂ ಬರದಿದ್ದರೆ ಕಥೆ ಬೇರೆ.

ಗೂಗಲ್‌ಬಾಟ್ ಎಂಬ ಪ್ರೋಗ್ರಾಂ ಒಂದು ಪುಟದ ಲಿಂಕ್ ಹಿಡಿದು ಇನ್ನೊಂದು ಪುಟಕ್ಕೆ ಹೋಗುತ್ತದೆ. ಹೊಸ ಸೈಟಿಗೆ ಯಾರೂ ಲಿಂಕ್ ಕೊಟ್ಟಿರುವುದಿಲ್ಲ. ಹಾಗಾಗಿ ಅಲ್ಲಿಗೆ ದಾರಿಯೇ ಇರುವುದಿಲ್ಲ. ದಾರಿ ತೋರಿಸಲು ಸೈಟ್ ಮಾಲೀಕರಿಗಾಗಿ ಗೂಗಲ್ ಸರ್ಚ್ ಕನ್ಸೋಲ್ ಎಂಬ ಸೇವೆ ಇದೆ, ಪೂರ್ತಿ ಉಚಿತ. ನಿಮ್ಮ ಜಿಮೇಲ್‌ನಿಂದ ಲಾಗಿನ್ ಆಗಿ, ಸೈಟ್ ನಿಮ್ಮದೇ ಎಂದು ದೃಢಪಡಿಸಿ, ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ ಇರುವ ಫೈಲ್) ವಿಳಾಸ ಕೊಡಿ. ಆಮೇಲೆ ಮುಖ್ಯ ಪುಟದ ವಿಳಾಸವನ್ನು ಮೇಲಿನ ಪಟ್ಟಿಯಲ್ಲಿ ಹಾಕಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ಒಂದು ಸಲ ಸಾಕು. ಹತ್ತು ಸಲ ಒತ್ತಿದರೂ ಸರತಿಯಲ್ಲಿ ಮುಂದೆ ಹೋಗುವುದಿಲ್ಲ.

ಆಮೇಲೆ: ಬಾಗಿಲಿಗೆ ನೀವೇ ಬೀಗ ಹಾಕಿಲ್ಲ ತಾನೆ?

ಇದು ನಗುವ ವಿಷಯ ಅನ್ನಿಸಬಹುದು, ಆದರೆ ಆಗುತ್ತಿರುತ್ತದೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಎಂಬ ಪುಟವಿದೆ. ಅದರಲ್ಲಿ ಸರ್ಚ್ ಎಂಜಿನ್‌ಗಳು ಈ ಸೈಟನ್ನು ದಾಖಲಿಸಬೇಡಿ ಎನ್ನುವ ಅರ್ಥದ ಒಂದು ಚೌಕ ಇದೆ. ಸೈಟ್ ಕಟ್ಟುವಾಗ ಅದಕ್ಕೆ ಟಿಕ್ ಹಾಕಿರುತ್ತಾರೆ, ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ಟಿಕ್ ಇದ್ದರೆ ವರ್ಷ ಕಾದರೂ ಅಷ್ಟೇ.

ಕನ್ನಡದ ಸೈಟುಗಳಿಗೆ ಇನ್ನೊಂದು ಬೀಗ ಇದೆ, ಇದರ ಬಗ್ಗೆ ಹೇಳುವವರು ಕಡಿಮೆ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಪರದೆ ಮೇಲೆ ಕನ್ನಡದಂತೆ ಕಾಣುತ್ತದೆ, ಒಳಗೆ ಇರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಪರೀಕ್ಷೆ ಸುಲಭ. ನಿಮ್ಮ ಸೈಟಿನ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಅಕ್ಷರದ ತಲೆ ಮೇಲೆಲ್ಲ ಚುಕ್ಕಿ, ಗೆರೆ ಬಂದು ಏನೂ ಅರ್ಥವಾಗದಿದ್ದರೆ ಗೂಗಲ್ ಓದುತ್ತಿರುವುದೂ ಅದನ್ನೇ. ಎಲ್ಲ ಮೊಬೈಲ್, ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಬೆಲೆಪಟ್ಟಿ, ವಿಳಾಸ ಎಲ್ಲವನ್ನೂ ಕರಪತ್ರದ ಫೋಟೊ ಮಾಡಿ ಅಂಟಿಸಿದ್ದರೆ ಅದನ್ನೂ ತೆಗೆದು ಅಕ್ಷರದಲ್ಲೇ ಬರೆಯಿರಿ.

ಸರ್ಚ್ ಕನ್ಸೋಲ್‌ನಲ್ಲಿ ಕೆಲವು ಪುಟಗಳ ಎದುರು ‘ಡಿಸ್ಕವರ್ಡ್ – ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದು ಬರಬಹುದು. ಪುಟ ಇದೆ ಅಂತ ಗೊತ್ತು, ಇನ್ನೂ ಬಂದು ಓದಿಲ್ಲ ಎಂದರ್ಥ. ಅದಕ್ಕೆ ಸುಮ್ನೆ ಕಾಯಿರಿ. ‘ಡಿಸ್ಕವರ್ಡ್’ ಬದಲು ‘ಕ್ರಾಲ್ಡ್’ ಎಂದಿದ್ದರೆ ಓದಿಯೂ ಇಟ್ಟುಕೊಂಡಿಲ್ಲ ಎಂದರ್ಥ. ಆಗ ಪುಟವನ್ನೇ ಮತ್ತೊಮ್ಮೆ ನೋಡಬೇಕು. ಎಲ್ಲಿಂದಲೋ ನಕಲು ಮಾಡಿದ ನಾಲ್ಕು ಸಾಲು ಇರಬಹುದು.

ನಿಜವಾದ ಕಾಯುವಿಕೆ ಇಲ್ಲಿಂದ

ದಾಖಲಾದ ಮಾತ್ರಕ್ಕೆ ಮೇಲೆ ಬರುವುದಿಲ್ಲ. ತಿಪಟೂರಿನ ಮಂಡಿಗೆ ಹೊಸದಾಗಿ ಬಂದ ವ್ಯಾಪಾರಿಗೆ ಮೊದಲ ದಿನವೇ ಯಾರಾದರೂ ಸಾಲಕ್ಕೆ ಮಾಲು ಕೊಡ್ತಾರಾ? ಯಾರ ಕಡೆಯವನು, ಯಾರಿಗೆ ಗೊತ್ತು ಅಂತ ವಿಚಾರಿಸ್ತಾರೆ, ಅಲ್ವಾ? ಗೂಗಲ್ ಶುರುವಾಗಿದ್ದೇ ಈ ವಿಚಾರಣೆಯಿಂದ. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಪ್ರಕಟಿಸಿದ ಪೇಜ್‌ರ‍್ಯಾಂಕ್ ಲೆಕ್ಕ, ಒಂದು ಪುಟಕ್ಕೆ ಯಾವ ಯಾವ ಪುಟಗಳು ಲಿಂಕ್ ಕೊಟ್ಟಿವೆ, ಆ ಪುಟಗಳಿಗೆ ಎಷ್ಟು ತೂಕವಿದೆ ಎಂದು ನೋಡುತ್ತಿತ್ತು. ಇವತ್ತು ಇನ್ನೂ ಎಷ್ಟೋ ಸಂಗತಿಗಳನ್ನು ನೋಡುತ್ತಾರೆ, ಲಿಂಕಿನ ಬೆಲೆ ಮಾತ್ರ ಪೂರ್ತಿ ಹೋಗಿಲ್ಲ. ಹೊಸ ಸೈಟಿನ ಪರವಾಗಿ ಮಾತಾಡುವವರೇ ಇಲ್ಲ. ಅದಕ್ಕೇ ಮೊದಲ ವಾರಗಳಲ್ಲಿ ಪುಟ ಒಮ್ಮೆ ಮೇಲೆ ಬಂದು, ಮತ್ತೆ ಕೆಳಗೆ ಹೋದರೆ ಗಾಬರಿ ಬೇಡ.

ಎಷ್ಟು ದಿನ ಬೇಕು? ಕೆಲವು ಬದಲಾವಣೆ ಕೆಲವೇ ಗಂಟೆಗಳಲ್ಲಿ ಕಾಣಬಹುದು, ಕೆಲವಕ್ಕೆ ತಿಂಗಳುಗಳು ಬೇಕು ಎನ್ನುತ್ತದೆ ಗೂಗಲ್‌ನ ಕೈಪಿಡಿ. 2017ರ ಗೂಗಲ್‌ನದೇ ಒಂದು ವಿಡಿಯೊದಲ್ಲಿ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟನ್ನು ಮೇಲಕ್ಕೆ ತರುವ ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಎಂದಿದ್ದರು. ನನ್ನ ಮಟ್ಟಿಗೆ ಇದೇ ಪ್ರಾಮಾಣಿಕ ಲೆಕ್ಕ.

ಈ ತಿಂಗಳುಗಳಲ್ಲಿ ‘ಕೊಬ್ಬರಿ ಎಣ್ಣೆ’ ಎಂಬ ಎರಡು ಪದಕ್ಕೆ ದೊಡ್ಡ ಕಂಪನಿಗಳ ಜೊತೆ ಗುದ್ದಾಡಬೇಡಿ. ಸಣ್ಣ ಪ್ರಶ್ನೆ ಹಿಡಿಯಿರಿ. ತಿನ್ನುವ ಉಂಡೆ ಕೊಬ್ಬರಿಗೂ ಎಣ್ಣೆ ತೆಗೆಯುವ ಕೊಬ್ಬರಿಗೂ ಏನು ವ್ಯತ್ಯಾಸ? ಕಾಯಿಯೊಳಗಿನ ನೀರು ಇಂಗಲು ಅಟ್ಟದ ಮೇಲೆ ಎಷ್ಟು ತಿಂಗಳು ಇಡಬೇಕು? ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ನೋಡಿಕೊಳ್ಳೋದು ಹೇಗೆ? ಇದನ್ನು ಬೆಂಗಳೂರಿನ ಯಾವ ಏಜೆನ್ಸಿಯೂ ನಿಮ್ಮಷ್ಟು ಚೆನ್ನಾಗಿ ಬರೆಯಲಾರದು. ಒಂದು ಪ್ರಶ್ನೆಗೆ ಒಂದು ಪುಟ, ನಿಮ್ಮದೇ ಫೋಟೊ. ಜನ ಇಂಗ್ಲಿಷ್ ಅಕ್ಷರದಲ್ಲೂ ಕನ್ನಡ ಹುಡುಕುತ್ತಾರೆ, ಹಾಗಾಗಿ ಊರಿನ ಹೆಸರು ಎರಡೂ ಲಿಪಿಯಲ್ಲಿ ಇರಲಿ.

ಲಿಂಕ್ ಬೇಕಾದರೆ ಗೊತ್ತಿರುವವರನ್ನು ಕೇಳಿ. ನಿಮ್ಮ ಎಣ್ಣೆ ಇಟ್ಟುಕೊಳ್ಳುವ ಸಾವಯವ ಅಂಗಡಿಗೆ ಸೈಟ್ ಇದ್ದರೆ ಅಲ್ಲಿ ನಿಮ್ಮ ಹೆಸರು ಬರಲಿ. ಸಾವಿರ ಲಿಂಕ್ ಇಷ್ಟು ರೂಪಾಯಿ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ. ರ‍್ಯಾಂಕ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಮಾಡಿಸಿ, ಅದೂ ಉಚಿತ. ಅಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹತ್ತಿರದಲ್ಲೇ ಹುಡುಕುವವರಿಗೆ ಸೈಟಿಗಿಂತ ಮುಂಚೆ ಅಂಗಡಿಯೇ ಮ್ಯಾಪ್‌ನಲ್ಲಿ ಕಾಣಬಹುದು.

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್‌ನಲ್ಲಿ ‘ಇಂಪ್ರೆಷನ್ಸ್’, ಅಂದರೆ ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಸೈಟ್ ಎಷ್ಟು ಸಲ ಕಂಡಿದೆ ಎಂಬ ಲೆಕ್ಕ ನೋಡಿ. ಕ್ಲಿಕ್ ಬರುವ ಮೊದಲು ಏರುವುದು ಇದೇ. ನಾಲ್ಕು ತಿಂಗಳಾದರೂ ಸೊನ್ನೆಯಲ್ಲೇ ಇದ್ದರೆ ಮತ್ತೆ ಮೊದಲ ಪರೀಕ್ಷೆಯಿಂದ ಶುರು ಮಾಡಿ.

ಇನ್ನೊಂದು, ಇದನ್ನು ಇವತ್ತೇ ನೋಡಿ: ಡೊಮೇನ್, ಅಂದರೆ ನಿಮ್ಮ ವೆಬ್ ವಿಳಾಸ ಯಾರ ಹೆಸರಲ್ಲಿದೆ? ಸೈಟ್ ಮಾಡಿಕೊಟ್ಟವರ ಹೆಸರಲ್ಲಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಾಳೆ ಅವರಿಗೂ ನಿಮಗೂ ಹೊಂದಾಣಿಕೆ ಆಗದೆ ಹೊಸ ಡೊಮೇನ್ ತೆಗೆದುಕೊಳ್ಳಬೇಕಾಗಿ ಬಂದರೆ, ಹಳೆಯದಕ್ಕೆ ಬಂದಿದ್ದ ಲಿಂಕುಗಳೆಲ್ಲ ಅಲ್ಲೇ ಉಳಿಯುತ್ತವೆ.