ಶರಾವತಿ ಹಿನ್ನೀರಿನ ಊರುಗಳನ್ನು ಸುತ್ತುವುದು ಹೇಗೆ?

2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಹಿನ್ನೀರಿಗೆ ಬರುವವರು ಹೆಚ್ಚಿದ್ದಾರೆ. ಬಹಳಷ್ಟು ಜನ ಸೇತುವೆಯ ಮೇಲೆ ಫೋಟೊ ತೆಗೆದು, ಸಿಗಂದೂರು ಚೌಡೇಶ್ವರಿಗೆ ಕೈಮುಗಿದು, ಸಂಜೆಯೊಳಗೆ ಜೋಗ ನೋಡಿ ಹೊರಟುಬಿಡುತ್ತಾರೆ. ದಡದ ಊರುಗಳು ಹಾಗೇ ಉಳಿದುಹೋಗುತ್ತವೆ. ಎರಡು ದಿನ ಇಟ್ಟುಕೊಂಡು ಬನ್ನಿ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ತುಂಬಿದ ನೀರು, ಹಸಿರು ನಡುಗಡ್ಡೆ ಬೇಕೆಂದರೆ ಅಕ್ಟೋಬರ್‌ನಿಂದ ಜನವರಿ. ಆದರೆ ನಾನು ಏಪ್ರಿಲ್-ಮೇ ತಿಂಗಳನ್ನೇ ಹೇಳುತ್ತೇನೆ. ಆಗ ನೀರು ಸಾಕಷ್ಟು ಇಳಿದರೆ, ಮಡೆನೂರಿನಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲು 1948ರ ಹೊತ್ತಿಗೆ ಕಟ್ಟಿದ್ದು ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಈ ಹಳೆಯ ಅಣೆಕಟ್ಟೇ ಮುಳುಗಿತು. ಅದರ ಜೊತೆಗೆ ಗದ್ದೆ, ತೋಟ, ಗುಡಿ, ಮನೆಗಳೂ. ಈ ಕಡೆ ‘ಮುಳುಗಡೆ’ ಎಂದರೆ ಸಾಕು, ಯಾವ ಕಾಲದ ಮಾತೆಂದು ಯಾರೂ ಕೇಳುವುದಿಲ್ಲ. ನೀರಿಳಿದ ಜಾಗದ ಕೆಸರು ಮೇಲೆ ಒಣಗಿದಂತೆ ಕಂಡರೂ ಕಾಲು ಹೂತುಹೋಗುತ್ತದೆ. ಊರಿನವರನ್ನು ಕೇಳದೆ ಇಳಿಯಬೇಡಿ.

ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಸಾಗರದಲ್ಲಿ ಇಳಿಯಬಹುದು. ಮೊದಲ ದಿನ ನೀರಿನ ಕಡೆ ಹೋಗಲೇಬೇಡಿ. ಸಾಗರದ ಮಗ್ಗುಲಲ್ಲೇ ಇಕ್ಕೇರಿ, ಕೆಳದಿ ಇವೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ತಲೆಯೆತ್ತಿ ನೋಡುವ ಮುಂಚೆ ನೆಲ ನೋಡಿ. ದೇವರಿಗೆ ಅಡ್ಡಬಿದ್ದ ಕೆಳದಿ ನಾಯಕರ ಚಿತ್ರಗಳನ್ನು ಹಾಸುಗಲ್ಲಿನಲ್ಲೇ ಕೊರೆದಿದ್ದಾರೆ. ಭಕ್ತರ ಪಾದದಡಿಯ ಜಾಗವನ್ನು ಅರಸರ ಚಿತ್ರಕ್ಕೆ ಕೊಟ್ಟ ಆ ವಿನಯ ನನ್ನನ್ನು ಪ್ರತಿ ಸಲವೂ ನಿಲ್ಲಿಸಿಬಿಡುತ್ತದೆ. ಕೆಳದಿಯಲ್ಲಿ ಛಾವಣಿಯ ಗಂಡಭೇರುಂಡವನ್ನೂ ವಸ್ತುಸಂಗ್ರಹಾಲಯವನ್ನೂ ನೋಡಿ. ಸಂಜೆಗೆ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಮ್‌ನಲ್ಲಿ ನಾಟಕವಿದ್ದರೆ ಅದೃಷ್ಟ, ಮೊದಲೇ ವಿಚಾರಿಸಿಕೊಳ್ಳಿ.

ರಾತ್ರಿ ಹೋಮ್‌ಸ್ಟೇಯಲ್ಲಿ ಉಳಿಯುವುದಾದರೆ ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಕೇಳಿ. ಮಳೆಗಾಲದಲ್ಲಿ ಬಂದವರು ಉಂಬಳಕ್ಕೆ (ಜಿಗಣೆಗೆ) ಸುಣ್ಣವನ್ನೋ ಉಪ್ಪನ್ನೋ ಜೇಬಿನಲ್ಲಿಟ್ಟುಕೊಳ್ಳಿ.

ಎರಡನೇ ದಿನ ಬೇಗ ಎದ್ದು ಹೊನ್ನೇಮರಡು. ಅಲ್ಲಿ ದೋಣಿ ಹತ್ತುವುದಿದ್ದರೆ ಈಜು ಬರುವವರೂ ಲೈಫ್ ಜಾಕೆಟ್ ಬಿಚ್ಚಬಾರದು. ನೀರಿನಡಿ ಇಳಿಜಾರು, ಹಳೆಯ ಮರದ ಬೊಡ್ಡೆಗಳಿರುತ್ತವೆ.

ಅಲ್ಲಿಂದ ಸಿಗಂದೂರು ಸೇತುವೆ ಇರುವ ಹೊಳೆಬಾಗಿಲಿಗೆ ಬನ್ನಿ. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಈ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಮೊದಲು ಇದೇ ನೀರನ್ನು ಲಾಂಚ್‌ನಲ್ಲಿ ದಾಟಬೇಕಿತ್ತು. ಬಸ್ಸು, ಬೈಕು, ಬಸುರಿ ಹೆಂಗಸರು, ಶಾಲೆಯ ಮಕ್ಕಳು ಎಲ್ಲರಿಗೂ ಅದೇ ಗತಿ. ರಾತ್ರಿ ಯಾರಿಗಾದರೂ ಕಾಯಿಲೆಯಾದರೆ ಬೆಳಕು ಹರಿಯುವುದನ್ನು ಕಾಯಬೇಕಿತ್ತು. ಹಾಗಾಗಿ ಸೇತುವೆಯ ಮಧ್ಯೆ ಗಾಡಿ ನಿಲ್ಲಿಸಿ ದಾರಿ ಕಟ್ಟಬೇಡಿ. ಲಾಂಚ್ ದಡಕ್ಕೆ ಇಳಿದರೆ ನೀರು ಇನ್ನೂ ಚೆನ್ನಾಗಿ ಕಾಣುತ್ತದೆ.

ಸಿಗಂದೂರಿನಲ್ಲಿ ಮಂಗಳವಾರ, ಶುಕ್ರವಾರ ಜನ ಜಾಸ್ತಿ. ದರ್ಶನ ಮುಗಿಸಿ ತುಮರಿಯಲ್ಲಿ ಚಹಾಕ್ಕೆ ಕೂತುಕೊಳ್ಳಿ. ಹಿರಿಯರು ಯಾರಾದರೂ ಇದ್ದರೆ “ಅಜ್ಜ, ನಿಮ್ಮ ಹಳೇ ಮನೆ ಎಲ್ಲಿತ್ತು?” ಎಂದು ಕೇಳಿ, ಹೇಳುವಷ್ಟು ಹೊತ್ತೂ ಕೂತು ಕೇಳಿಸಿಕೊಳ್ಳಿ. ಕೊಲ್ಲೂರಿಗೆ ಮುಂದುವರಿಯುವವರು ಸಾಗರದಲ್ಲೇ ಪೆಟ್ರೋಲ್ ತುಂಬಿಸಿಕೊಂಡಿರಬೇಕು. ಮುಂದಿನದು ಕಾಡಿನ ದಾರಿ, ಕತ್ತಲಾಗುವ ಮೊದಲೇ ತುಮರಿ ಬಿಡಿ.